ಹಾಲಕ್ಕನ ತಯಾರಿ

ಯಾರು ಏನೇ ಹೇಳಲಿ, ಹಾಲಕ್ಕ ತಲೆಯನ್ನು ಒಂದಿಷ್ಟು ಓರೆ ಮಾಡಿ, ಎಡಗೈ ಸೊಂಟಕ್ಕಿಟ್ಟು, "ಅದ್ಯಾಕೆ?" ಎಂದು ಕೇಳುತ್ತಿದ್ದಳು. ಅದು ಜಗಳದ ದನಿಯಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಒಮ್ಮೆ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಂಡಕ್ಟರು, ಈ ಬಸ್ಸು ಇವತ್ತು ತೊಗರ್ಸಿಗೆ ಹೋಗಲ್ಲ ಎಂದ. ಮಿಕ್ಕವರೆಲ್ಲ ಗೊಣಗುತ್ತ ಇಳಿದರು. ಹಾಲಕ್ಕ ಕೇಳಿದಳು. ಟೈರು ಸರಿಯಿಲ್ಲ ಎಂದ. ಯಾವ ಟೈರು ಎಂದಳು. ಕೊನೆಗೆ ಆ ಮನುಷ್ಯ ಕೆಳಗಿಳಿದು, ಹಿಂದಿನ ಚಕ್ರದ ಹತ್ತಿರ ಬಗ್ಗಿ ಬಿರುಕು ತೋರಿಸಿದ. ಅವಳು ಮುಟ್ಟಿ ನೋಡಿ, "ಹೌದು ಬಿಡ್ರಿ, ಇದ್ರಾಗೆ ಹೋಗಬಾರ್ದು" ಎಂದು ಹೇಳಿ, ಸಮಾಧಾನದಿಂದ ಬಂದು ಬೆಂಚಿನ ಮೇಲೆ ಕೂತಳು.

ಹಾಲಕ್ಕ ನನ್ನ ಒಡಹುಟ್ಟಿದ ಅಕ್ಕ. ಅವಳನ್ನು ತೊಗರ್ಸಿ ಕಡೆಯ ಹಳ್ಳಿಗೆ, ಕುರಿ ಸಾಕುವ ಮನೆಗೆ ಕೊಟ್ಟಿದ್ದರು. ನನ್ನನ್ನು ಸೊರಬ ತಾಲ್ಲೂಕಿಗೆ, ಗುಡವಿ ಕೆರೆಯ ಹತ್ತಿರದ ಊರಿಗೆ. ವರ್ಷಕ್ಕೆ ಎರಡು ಮೂರು ಸಲ ಸೇರುತ್ತಿದ್ದೆವು. ಒಂದು ಮಾಗಿಯಲ್ಲಿ ಅವಳಿಗೆ ಜ್ವರ ಬಂದು ಬಿಡಲೇ ಇಲ್ಲ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ, ತೋಳಿನ ಮೇಲೆ ಕಾರಣವಿಲ್ಲದೆ ನೀಲಿ ಕಲೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಅವಳು ಡಾಕ್ಟರನ್ನು ಬಿಡಲಿಲ್ಲ. ರಕ್ತ ಎಲ್ಲಿ ಹುಟ್ಟುತ್ತದೆ, ಅದು ಕೆಡುವುದು ಹೇಗೆ, ಔಷಧಿ ಕೊಟ್ಟ ಮೇಲೂ ರಕ್ತ ಹುಟ್ಟಿಸುವ ಕಾಂಡಕೋಶ ಬೇರೆಯವರಿಂದ ಯಾಕೆ ಬೇಕು, ಎಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ ಫೋನಿನಲ್ಲಿ ನನಗೆ ಹೇಳಿದ್ದು ಹೀಗೆ: "ಹೊಲದಾಗೆ ಕಸ ವಿಪರೀತ ಆದ್ರೆ ಎಲ್ಲಾ ಹರಗಿ ಹೊಸ ಬೀಜ ಹಾಕ್ತಾರಲ್ಲ, ಹಂಗೆ. ಬೀಜ ಮಾತ್ರ ಹೊಂದೋದು ಸಿಗಬೇಕು."

ಪರೀಕ್ಷೆ ಮಾಡಿಸಿದಾಗ ಹೊಂದಿದ್ದು ನನ್ನದು.

ನಮ್ಮ ಅತ್ತೆ ಬೇಡವೇ ಬೇಡ ಎಂದರು. ಅವರು ಕೆಟ್ಟವರಲ್ಲ. ಮೂಳೆ ಕೊರೆದು ಒಳಗಿನ ಸತ್ವ ತೆಗೆದರೆ ಸೊಸೆ ಹಾಸಿಗೆ ಹಿಡಿಯುತ್ತಾಳೆ, ಇರುವ ಒಬ್ಬ ಮಗಳ ಮೇಲೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೇಳಿ ಹೆದರಿಸಿದ್ದರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಸುದ್ದಿ ಹಾಲಕ್ಕನಿಗೆ ಮುಟ್ಟಿತು. ಮೊದಲ ಸುತ್ತಿನ ಔಷಧಿ ಮುಗಿದು ತುಸು ಚೇತರಿಸಿಕೊಂಡಿದ್ದಳು. ಡಾಕ್ಟರನ್ನು ಕೇಳಿಯೇ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು, ಬಾಡಿಗೆ ಕಾರಿನಲ್ಲಿ ನಮ್ಮ ಮನೆಗೆ ಬಂದಳು. ನಾವು ಕೊಟ್ಟ ನೀರನ್ನೂ ಮುಟ್ಟದೆ, ಮನೆಯಿಂದ ತಂದ ಕುದಿಸಿ ಆರಿಸಿದ ನೀರನ್ನೇ ಕುಡಿದು ಅತ್ತೆಯ ಎದುರು ಕೂತಳು.

"ನಿನ್ನ ಜೀವ ಉಳೀಲಿ ತಾಯಿ," ಎಂದರು ಅತ್ತೆ. "ಆದ್ರೆ ನಾಳೆ ಇವಳಿಗೆ ಏನಾದ್ರೂ ಆದ್ರೆ ನಾ ಯಾರನ್ನ ಕೇಳ್ಲಿ?"

ಹಾಲಕ್ಕ ತಾನು ತಿಳಿದುಕೊಂಡಿದ್ದನ್ನೆಲ್ಲ ನಿಧಾನವಾಗಿ ಹೇಳಿದಳು. ಮೂಳೆ ಕೊರೆಯುವುದಿಲ್ಲ, ಕೆಲವು ದಿನ ಸೂಜಿಮದ್ದು ಕೊಡುತ್ತಾರೆ, ಆಗ ಮೈಕೈ ನೋವು ಬರುತ್ತದೆ, ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ್ದು ಅಲ್ಲೇ ಉಳಿದು, ಮಿಕ್ಕಿದ್ದು ಇನ್ನೊಂದು ತೋಳಿಗೆ ವಾಪಸು ಬರುತ್ತದೆ. ಕೊಟ್ಟಿದ್ದನ್ನು ಮೈ ಮತ್ತೆ ತುಂಬಿಕೊಳ್ಳುತ್ತದೆ. ಅಪಾಯ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತಲ್ಲ, ಅದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಹೇಳಿದಳು:

"ಬ್ಯಾಡ ಅಂದ್ರೆ ನಾನು ಬ್ಯಾಸ್ರ ಮಾಡ್ಕಳಲ್ಲ ಅತ್ತೆ. ಆದ್ರೆ ತಿಳ್ಕಂಡು ಬ್ಯಾಡ ಅನ್ರಿ. ಹೆದ್ರಿಕಂಡು ಬ್ಯಾಡ ಅನ್ಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೂ ಅದೇ ಮಾತು ಸರೋಜಾ. ಅಕ್ಕ ಅಂತ ಹೂಂ ಅನ್ಬ್ಯಾಡ."

ನಾನು ಹೂಂ ಎಂದೆ. ಎರಡು ದಿನ ಬಿಟ್ಟು ಅತ್ತೆ, ಆಸ್ಪತ್ರೆಯವರ ಜೊತೆ ತಾವೇ ಮಾತಾಡಬೇಕು ಎಂದು ಫೋನ್ ಹಚ್ಚಿಸಿಕೊಂಡರು. ಮಾತು ಮುಗಿಸಿ ನನಗೆ ಹೇಳಿದ್ದು ಇಷ್ಟೇ: "ನಾನೂ ಬರ್ತೀನಿ. ಅಲ್ಲಿಯ ಊಟ ನಿಂಗೆ ಸೇರಲ್ಲ."

ಅಲ್ಲಿಂದ ಹಾಲಕ್ಕನ ತಯಾರಿ ಶುರುವಾಯಿತು. ಮದುವೆ ಮನೆಯ ಕೆಲಸಕ್ಕೆ ನಿಂತವಳ ಹಾಗೆ ನಿಂತಳು. ಹುಳುಕು ಹಲ್ಲು ಇದ್ದರೆ ಅದರಿಂದಲೇ ನಂಜಾಗಬಹುದು ಎಂದಿದ್ದಕ್ಕೆ ಎರಡು ದವಡೆ ಹಲ್ಲು ಕೀಳಿಸಿಕೊಂಡಳು. ಬಾಯಿಗೆ ಬಿಡುವೇ ಕೊಡದಿದ್ದ ಎಲೆಅಡಿಕೆಯನ್ನು ಒಂದೇ ದಿನಕ್ಕೆ ಬಿಟ್ಟಳು. ಮನೆಗೆ ತಾಗಿಕೊಂಡಿದ್ದ ಕುರಿಹಟ್ಟಿ ಇರಕೂಡದು ಎಂದರು. ಇದೊಂದಕ್ಕೆ ಮಾತ್ರ ಅವಳ ಮುಖ ಸಣ್ಣದಾಯಿತು. ಭಾವ ಕುರಿಗಳನ್ನೆಲ್ಲ ತಮ್ಮನ ಹೊಲಕ್ಕೆ ಹೊಡೆದುಕೊಂಡು ಹೋದ ದಿನ ಅವಳು ಬಾಗಿಲಲ್ಲಿ ನಿಂತು, ಹಿಂದೆ ಬಿದ್ದಿದ್ದ ಕುಂಟು ಕುರಿಯನ್ನು ಹೆಸರು ಹಿಡಿದು ಕರೆದು ಬೈದಳು.

ಮೊದಲ ಔಷಧಿಗೆ ಉದುರಿದ ಕೂದಲು ಅಲ್ಲಲ್ಲಿ ಮತ್ತೆ ಹುಟ್ಟಿತ್ತು. ಅದೂ ಹೋಗುವುದೇ ಎಂದು ತಿಳಿದು, ಅದನ್ನು ತೆಗೆಯಲು ಭಾವನಿಗೇ ಹೇಳಿದಳು. ಉಣ್ಣೆ ಕತ್ತರಿಸಿ ಪಳಗಿದ ಕೈ ಅವರದು. ಆದರೆ ಹೊಸ ಕತ್ತರಿ ತರಿಸಿ, ಕುದಿಯುವ ನೀರಲ್ಲಿ ಹಾಕಿಸಿದ ಮೇಲೆಯೇ ತಲೆ ಕೊಟ್ಟಳು. ಭಾವ ಒಂದೊಂದೇ ಎಳೆ ಹಿಡಿದು ಕತ್ತರಿಸುತ್ತಿದ್ದರು, ಕಣ್ಣಲ್ಲಿ ನೀರು. ಹಾಲಕ್ಕ ತಲೆ ತಗ್ಗಿಸಿಕೊಂಡೇ, "ಕುರಿ ಆದ್ರೆ ಇಷ್ಟೊತ್ತಿಗೆ ನಾಲ್ಕು ಮುಗಿಸ್ತಿದ್ರಿ" ಎಂದಳು. ಭಾವ ಅಳುತ್ತಲೇ ನಕ್ಕುಬಿಟ್ಟರು.

ಆಸ್ಪತ್ರೆಯಲ್ಲಿ ಅವಳಿಗೆ ಗಾಜಿನ ಕಿಟಕಿಯ ಪ್ರತ್ಯೇಕ ಕೋಣೆ. ಹಳೆಯದನ್ನೆಲ್ಲ ಸುಟ್ಟುಹಾಕುವ ಔಷಧಿ ಏರುತ್ತಿತ್ತು. ಬಾಯಿಯೆಲ್ಲ ಹುಣ್ಣು. ಹೊರಗೆ ಸೂಜಿಮದ್ದಿಗೆ ನನ್ನ ಸೊಂಟದ ಮೂಳೆಗಳು ಸಿಡಿಯುತ್ತಿದ್ದವು. ಅತ್ತೆ ಪಕ್ಕದಲ್ಲೇ ಕೂತು ಕಾಲು ಒತ್ತುತ್ತಿದ್ದರು. ನನ್ನಿಂದ ತೆಗೆದದ್ದು ಒಂದು ಸಣ್ಣ ಚೀಲದಲ್ಲಿ ಟೊಮೆಟೊ ಸಾರಿನ ಬಣ್ಣದಲ್ಲಿತ್ತು. ಅದು ಅವಳ ಎದೆಯ ನಳಿಕೆಗೆ ಇಳಿಯುವುದನ್ನು ಗಾಜಿನಾಚೆಯಿಂದ ನೋಡಿದೆ. ಅವಳು ಫೋನ್ ಎತ್ತಿ, ಹುಣ್ಣಿನ ಬಾಯಲ್ಲೇ ಕಷ್ಟಪಟ್ಟು ಹೇಳಿದಳು: "ಇನ್ನು ನಿನ್ನ ಸಿಟ್ಟೂ ನಂಗೆ ಬರ್ತತೇನೋ."

ನನ್ನ ಕಾಂಡಕೋಶ ಅವಳ ಮೈಗೆ ಹಿಡಿಯಿತು. ಹಿಡಿದ ಸುದ್ದಿ ಬಂದ ದಿನ ಅತ್ತೆ ಸಿಕ್ಕವರಿಗೆಲ್ಲ ಬಾಳೆಹಣ್ಣು ಹಂಚಿದರು. ಹಾಲಕ್ಕ ಊರಿಗೆ ಬಂದು ತಿಂಗಳುಗಟ್ಟಲೆ ಮನೆಯೊಳಗೇ ಇದ್ದಳು. ಹಳೆಯ ರಕ್ತದ ಜೊತೆ ಚಿಕ್ಕಂದಿನ ಲಸಿಕೆಗಳ ಬಲವೂ ಹೋಗಿದ್ದರಿಂದ ಮತ್ತೆ ಹಾಕಿಸಬೇಕಿತ್ತು. ಶಿಕಾರಿಪುರದ ಆಸ್ಪತ್ರೆಯಲ್ಲಿ ಹಸುಗೂಸುಗಳ ತಾಯಂದಿರ ಸಾಲಿನಲ್ಲಿ ಅವಳೂ ಕೂತಳು. ನರ್ಸ್ ಬಂದು ಕೂಸು ಎಲ್ಲಿ ಎಂದು ಕೇಳಿದರು. "ನಾನೇರಿ" ಎಂದು ತೋಳು ಮುಂದಿಟ್ಟಳು. ಸಾಲೆಲ್ಲ ನಕ್ಕಿತು. ಮರುವರ್ಷ ಡಾಕ್ಟರು ಒಪ್ಪಿದ ಮೇಲೆ, ಮನೆಯಿಂದ ತುಸು ದೂರದಲ್ಲಿ ಹಟ್ಟಿ ಕಟ್ಟಿ ಕುರಿಗಳನ್ನು ವಾಪಸು ತಂದರು. ಹಾಲಕ್ಕನ ಮಗಳು ಶಿಕಾರಿಪುರದ ಕಾಲೇಜಿನಲ್ಲಿ ಓದು ಮುಗಿಸಿದಳು. ಅವಳ ಮದುವೆಯಲ್ಲಿ ಹಾಲಕ್ಕ ಓಡಾಡಿದ್ದನ್ನು ನೋಡಿದವರು, ಇವಳಿಗೆ ಕಾಯಿಲೆ ಬಂದಿತ್ತೇ ಎಂದು ಕೇಳಿದರು.

ಮೂರನೆಯ ವರ್ಷ ರೋಗ ಮರಳಿತು. ಇನ್ನೊಂದು ಸಲ ಪ್ರಯತ್ನಿಸುವಷ್ಟು ಅವಳ ಮೈ ತಡೆಯುವುದಿಲ್ಲ ಎಂದರು.

ನಾನು ನೋಡಲು ಹೋದಾಗ ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನಾನು ಕೊಟ್ಟದ್ದರಲ್ಲೇ ಏನೋ ಕೊರತೆಯಿತ್ತು ಎಂಬ ಯೋಚನೆ ವಾರವಿಡೀ ನನ್ನನ್ನು ತಿನ್ನುತ್ತಿತ್ತು. ಅವಳೇ ಮಾತು ಶುರು ಮಾಡಿದಳು.

"ನೀ ಹಿಂಗೆ ಮಕ ಮಾಡ್ಕಂಡು ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಡಾಕ್ಟ್ರನ್ನ ಕೇಳಿ ಇಟ್ಕಂಡೀನಿ. ನಿಂದೇನೂ ತಪ್ಪಿಲ್ಲ. ನಂದೇ ಹಳೇದು ಎಲ್ಲೋ ಒಂಚೂರು ಉಳ್ಕಂಡಿತ್ತಂತೆ, ಅದು ಎದ್ದೈತೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು, "ಮಗಳ ಮದ್ವೆ ನಿನ್ನ ರಕ್ತದಾಗೆ ಮಾಡ್ದೆ. ಅದನ್ನ ಮರೀಬ್ಯಾಡ."

ನಾನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಅವಳು ತಡೆಯಲಿಲ್ಲ. ಅಳು ನಿಂತ ಮೇಲೆ ಚಹಾ ಮಾಡಿಸಿದಳು. ಇವತ್ತು ಇಲ್ಲೇ ಉಳಿಯುತ್ತೇನೆ ಎಂದರೆ, ನಿನ್ನ ಮಗಳಿಗೆ ಪರೀಕ್ಷೆ ಇದೆ, ಹೊರಡು ಎಂದಳು.

ಬಸ್ಸು ಅವಳ ಮನೆಯ ಮುಂದೆಯೇ ಹಾದುಹೋಗುತ್ತದೆ. ಕಿಟಕಿಯಿಂದ ಕೈಬೀಸಲು ಬಗ್ಗಿದೆ. ಅವಳು ರಸ್ತೆಯ ಕಡೆ ನೋಡುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು ಹುಲ್ಲಿನ ಹೊರೆ ಕೆಳಗಿಳಿಸಿ ಜಗಲಿಯ ಅಂಚಿಗೆ ಕೂತು ಏನೋ ಹೇಳುತ್ತಿದ್ದಳು. ಹಾಲಕ್ಕ ಮುಂದಕ್ಕೆ ಬಾಗಿ, ಅವಳ ಮಾತನ್ನೇ ಕೇಳುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.