ಹೊಳೆಯ ನಡುವೆ ನಿಂತ ಹುಡುಗಿ

ಸಿರುಗುಪ್ಪದ ಬಾನುಬೀಗೆ ಕಥೆ ಹೇಳುವುದೆಂದರೆ ಇಬ್ಬರ ಕೆಲಸ. ಒಬ್ಬರು ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೊಳಗಿನವರು ಎಲ್ಲಿದ್ದರೋ ಅಲ್ಲೇ ನಿಂತುಬಿಡುತ್ತಾರೆ ಎಂದು ಅವಳ ಅಮ್ಮ ಹೇಳಿದ್ದಳು. ಅರವತ್ತು ದಾಟಿದರೂ ಬಾನುಬೀ ಅದನ್ನು ನಂಬಿಯೇ ಇದ್ದಾಳೆ. ನಗುವವರು ನಗಲಿ.

ನಲವತ್ತು ವರ್ಷ ಹೂಂಗುಟ್ಟಿದವನು ಗಂಡ ಖಾದರಸಾಬ್. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬಂದು, ಅವಳು ಕೌದಿ ಹೊಲಿಯುತ್ತ ಹೇಳುವ ಕಥೆಗೆ ಗೋಡೆಗೊರಗಿ ಹೂಂ ಅನ್ನುತ್ತಿದ್ದ. ಅದರಲ್ಲಿ ಅರ್ಧ ನಿದ್ದೆಯ ಹೂಂ ಎಂದು ಅವಳಿಗೂ ಗೊತ್ತಿತ್ತು. ಹೋದ ವರ್ಷ ಒಂದು ಮಧ್ಯಾಹ್ನ, ಕೆಂಚನಗುಡ್ಡದ ಹೊಳೆ ದಾಟುವ ಹುಡುಗಿಯ ಕಥೆ ನಡೆದಿದ್ದಾಗ ಹೂಂ ಬರಲಿಲ್ಲ. ನಿದ್ದೆ ಎಂದುಕೊಂಡಳು. ನಿದ್ದೆಯಾಗಿರಲಿಲ್ಲ.

ಅಂದಿನಿಂದ ಆ ಹುಡುಗಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದಾಳೆ. ಬಾನುಬೀ ಕಣ್ಣು ಮುಚ್ಚಿದರೆ ಸಾಕು, ತಲೆಯ ಮೇಲೆ ಬುತ್ತಿ ಹೊತ್ತು ಇತ್ತ ನೋಡುತ್ತಾಳೆ. ಅವಳನ್ನು ದಡ ಮುಟ್ಟಿಸದೆ ತಾನು ಸಾಯಬಾರದು, ಬಾನುಬೀಗೆ ಇರುವುದು ಅದೊಂದೇ ಆಸೆ. ಅಂಗನವಾಡಿ ಮಕ್ಕಳಿಗೆ ಬೇರೆಲ್ಲ ಕಥೆ ಹೇಳಿದಳು, ಇದೊಂದನ್ನು ಬಿಟ್ಟು. ಆ ಪುಂಡರು ನಡುವೆ ಎದ್ದು ಓಡಿದರೆ ಹುಡುಗಿಯ ಗತಿಯೇನು?

ಆ ಅಂಗನವಾಡಿ ಕಥೆಗಳನ್ನು ಬಳ್ಳಾರಿಯ ಮಕ್ಕಳ ರೇಡಿಯೊದ ಹಂಪೇಶ್ ಧ್ವನಿಮುದ್ರಿಸಿದ್ದ. ಅವು ಸಮುದ್ರ ದಾಟಿ, ಮಕ್ಕಳ ರೇಡಿಯೊ, ಟೀವಿಯವರ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುವವರ ಕಿವಿಗೆ ಬಿದ್ದವು. ಬಾನುಬೀ ಬಳ್ಳಾರಿಯಿಂದಲೇ ಪರದೆಯ ಮೇಲೆ ತಮ್ಮ ಸಭೆಗೆ ಒಂದು ಕಥೆ ಹೇಳಲಿ ಎಂದರು.

"ಯಾವ ಕತಿ ಹೇಳ್ತೀರಿ?" ಎಂದ ಹಂಪೇಶ್.

"ಹೊಳಿ ಹುಡುಗೀದು. ಅಷ್ಟು ಮಂದಿ ಕುಂತಿರ್ತಾರ, ಯಾರರ ಒಬ್ರು ಹೂಂ ಅನ್ನಂಗಿಲ್ಲೇನು?"

ಸ್ಟುಡಿಯೋದ ಪರದೆಯಲ್ಲಿ ದೂರದೇಶದ ಸಭಾಂಗಣ, ಕನಸಿನಲ್ಲಿ ಕಂಡಂಥ ಮಸುಕು ಮುಖಗಳು. ಕಥೆಯ ನಡುವೆ ಬೇರೆ ಸದ್ದು ಸೇರದಿರಲೆಂದು, ಸ್ಟುಡಿಯೋದಲ್ಲಿ ಯಾರೂ ಉಸಿರೆತ್ತಬಾರದೆಂದು ಹಂಪೇಶ್ ತಾಕೀತು ಮಾಡಿದ್ದ. ಆ ಸಭಾಂಗಣದ ಮೈಕುಗಳನ್ನೂ ಬಂದ್ ಮಾಡಿಸಿದ್ದ. ಜಾಣತನಕ್ಕೂ ಒಂದು ಮಿತಿ ಬೇಡವೇ!

ಹುಡುಗಿ ನೀರಿಗಿಳಿದಳು. ಮೊಣಕಾಲಿಗೆ ನೀರು ಬಂತು. ಬಾನುಬೀ ಹೂಂಗೆ ಕಾದಳು. ಸದ್ದಿಲ್ಲ. ಆ ಮಧ್ಯಾಹ್ನವೇ ಮತ್ತೆ ಎದುರು ಬಂದು ಕೂತಂತಾಯಿತು. ಗಾಜಿನಾಚೆಯಿಂದ ಹಂಪೇಶ್ ಮುಂದುವರಿಸಿ ಎಂದು ಕೈಬೀಸಿದ.

"ಹೂಂ ಅನ್ನೋರು ಯಾರೂ ಇಲ್ಲಲ್ರೀ. ಹುಡುಗಿ ನೀರಾಗ ನಿಂತಾಳ," ಎಂದಳು. ಅಳು ಬಂದಿತ್ತು.

ಆಚೆ ಸಭಾಂಗಣದಲ್ಲಿ ಭಾಷಾಂತರ ಮಾಡುತ್ತಿದ್ದ ನಾಗಲಕ್ಷ್ಮಿ ಅದನ್ನು ಸಭೆಗೆ ತಿಳಿಸಿದಳು. ಯಾರೋ ಮೈಕು ತೆರೆದರು. ನೂರಾರು ಗಂಟಲು ಒಮ್ಮೆಗೇ ಹೂಂ ಅಂದವು.

"ಮೆಲ್ಲಕ ಅನ್ರಿ, ಬೆದರ್ತಾಳ."

ಮೆಲ್ಲಗೆ ಬಂತು ಹೂಂ. ಹುಡುಗಿ ಒಂದೊಂದೇ ಹೆಜ್ಜೆ ಇಟ್ಟು ಹೊಳೆ ದಾಟಿದಳು.

"ದಂಡಿ ಮ್ಯಾಲ ಒಬ್ಬ ಮುದುಕ ಬಂಡೆಗಲ್ಲಿಗೆ ಒರಗಿ ಕುಂತಿದ್ದ," ಎಂದಳು ಬಾನುಬೀ. ಅಮ್ಮ ಹೇಳಿದ ಕಥೆಯಲ್ಲಿ ಈ ಮುದುಕ ಇರಲಿಲ್ಲ. "ಹುಡುಗಿ ಬುತ್ತಿ ಬಿಚ್ಚಿ ಕೊಟ್ಟು, ನಿದ್ದಿ ಆತೇನು ಅಂತ ಕೇಳಿದ್ಲು."

ಸಭೆ ಬಾಯಿ ತೆರೆಯುವ ಮೊದಲೇ, ಆ ಮುದುಕನ ಪರವಾಗಿ ಬಾನುಬೀಯೇ ಹೂಂ ಅಂದಳು.