ಎಡಗಡೆಯ ನಾಲ್ಕು ನಟ್ಟು

ಊರಿನ ಡ್ರೈವರುಗಳು ಗಾಡಿ ರಿಪೇರಿಯವನಿಗಿಟ್ಟ ಅಡ್ಡಹೆಸರು ‘ಇನ್ನೊಂದ್ಸಲ ಮೇಸ್ತ್ರಿ’. ಯಾವ ರಿಪೇರಿ ಮುಗಿದರೂ “ಇನ್ನೊಂದ್ಸಲ ನೋಡ್ಬಿಡೋಣ” ಎನ್ನದೆ ಅವನು ಕೀ ಕೊಡುತ್ತಿರಲಿಲ್ಲ. ಕೆಲಸ ಕಲಿಯುವಾಗ ತಾನೇ ಹಾಕಿದ ಲಾರಿ ಚಕ್ರವೊಂದು ಕಳಚಿ ರಸ್ತೆಯಲ್ಲಿ ಉರುಳಿಹೋದದ್ದನ್ನು ಕಂಡಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ಆ ಭಯ ಅವನನ್ನು ಬಿಟ್ಟಿರಲಿಲ್ಲ.

ಈ ಸಲ ಶೆಡ್ಡಿಗೆ ಬಂದದ್ದು ದನದ ಡಾಕ್ಟರಮ್ಮನ ಹಳೆಯ ಜೀಪು. ಗುಡ್ಡದ ದಾರಿಯ ಕಲ್ಲುಗಳು ಗಾಡಿಯ ತಳಕ್ಕೆ ಬಡಿಯುತ್ತವೆಂದು, ಲಿಫ್ಟ್ ಕಿಟ್ ಹಾಕಿ ಮೂರಿಂಚು ಎತ್ತರಿಸಲು ಬಿಟ್ಟಿದ್ದರು. ಗಾಡಿಯ ಭಾರ ಹೊರುವ, ತುಕ್ಕು ತಿಂದ ಸ್ಪ್ರಿಂಗ್ ಪಟ್ಟಿಗಳಾದ ಉಕ್ಕಿನ ಪಾಟಾ ಬಿಚ್ಚಿ, ಹೆಚ್ಚು ಬಾಗಿದ ಹೊಸ ಪಾಟಾ ಕೂರಿಸಲು ಎರಡು ದಿನ ಹಿಡಿಯಿತು. ಪಾಟಾವನ್ನು ಚಕ್ರಗಳ ಅಚ್ಚಾದ ಆಕ್ಸಲ್ಲಿಗೆ ಅಪ್ಪಿ ಹಿಡಿಯುವುದು ಯು ಬೋಲ್ಟ್. ಚಕ್ರ ಗಾಳಿಯಲ್ಲಿ ತೂಗುವಾಗ ಅದರ ನಟ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ, ಗಾಡಿ ನೆಲಕ್ಕಿಳಿದು ಭಾರ ಕೂತಮೇಲೆ ಕೊನೆಯ ಬಿಗಿ ಕೊಡಬೇಕು. ಮೂರು ಚಕ್ರದ ಕೊನೆಯ ಬಿಗಿ ಮೇಸ್ತ್ರಿಯೇ ಕೊಟ್ಟ. ಅಷ್ಟರಲ್ಲಿ ಡಾಕ್ಟರಮ್ಮ ಓಡಿಬಂದರು. ಗುಡ್ಡದ ಮೇಲೆ ಹಸುವೊಂದು ಕರು ಹಾಕಲಾಗದೆ ಒದ್ದಾಡುತ್ತಿತ್ತಂತೆ.

“ಭಾವ, ಹಿಂದಿನ ಎಡಗಡೆ ನಾಲ್ಕು ನಟ್ಟು ಬಿಗಿ ಮಾಡಿ!” ಎಂದು ಕೂಗಿ ಮೇಸ್ತ್ರಿ ಬ್ರೇಕ್ ಎಣ್ಣೆ ನೋಡಲು ಮುಂದಕ್ಕೆ ಹೋದ.

ಭಾವ ಅವನ ಅಕ್ಕನ ಗಂಡ, ನಿವೃತ್ತ ಬಸ್ ಡ್ರೈವರು. ಜಾಕ್ ಎಳೆಯುತ್ತಲೇ “ಆಯ್ತು” ಎಂದರು.

ಅವಸರದಲ್ಲಿ ಇನ್ನೊಂದ್ಸಲ ನೋಡದೆಯೇ ಮೇಸ್ತ್ರಿ ಕೀ ಕೊಟ್ಟುಬಿಟ್ಟ.

ಅರ್ಧ ಗಂಟೆಯ ಮೇಲೆ ಚಹಾ ಕುಡಿಯುತ್ತ ಭಾವ ಕೇಳಿದರು: “ನಾನು ನಟ್ಟು ತಿರುಗಿಸೋ ಪಾನಾ ತರೋಷ್ಟರಲ್ಲಿ ಗಾಡಿ ಹೋಗಿತ್ತಲ್ಲ. ಆ ನಟ್ಟು ನೀನೇ ಬಿಗಿ ಮಾಡ್ದೆ ತಾನೆ?”

“ನಾನ್ಯಾಕೆ ಮಾಡ್ಲಿ? ನೀವೇ ಆಯ್ತು ಅಂದ್ರಲ್ಲ!”

“ಆಯ್ತು ಅಂದ್ರೆ ಮಾಡ್ತೀನಿ ಅಂತ ಕಣಯ್ಯ! ಮಾಡಾಯ್ತು ಅಂತ ಅಲ್ಲ!”

ಮೇಸ್ತ್ರಿ ಚಹಾ ಲೋಟ ಕೆಳಗಿಟ್ಟ. ಫೋನ್ ಮಾಡಿದ, ಗುಡ್ಡದಲ್ಲಿ ಸಿಗ್ನಲ್ಲಿಲ್ಲ. ಪಾನಾ ಎತ್ತಿಕೊಂಡು, ಭಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಪ್ರತಿ ತಿರುವಿನಲ್ಲೂ ಅವನ ಕಣ್ಣು ರಸ್ತೆಗಿಂತ ಪ್ರಪಾತದ ಕಡೆಗೇ ಹೋಗುತ್ತಿತ್ತು. ಮುರಿದ ಪೊದೆ ಕಂಡರೆ ಬೈಕು ನಿಧಾನಿಸಿ ಕೆಳಗೆ ಇಣುಕುತ್ತಿದ್ದ.

“ಮುಂದೆ ನೋಡ್ಕೊಂಡು ಓಡ್ಸಯ್ಯ. ಅವರನ್ನ ಹುಡುಕೋಕೆ ಹೋಗಿ ನಾವು ಉರುಳೋದು ಬೇಡ,” ಎಂದರು ಭಾವ.

ಗುಡ್ಡದ ತುದಿಯ ಕೊಟ್ಟಿಗೆಯ ಮುಂದೆ ಜೀಪು ನಿಂತಿತ್ತು. ಒಳಗೆ ಡಾಕ್ಟರಮ್ಮನ ಮಾತು ಕೇಳಿಸಿತು. ಮೇಸ್ತ್ರಿ ಅಂಗಾತ ಮಲಗಿ ಗಾಡಿಯಡಿ ನುಸುಳಿದ. ಮೊದಲನೆಯ ನಟ್ಟು ಬೆರಳಿಗೇ ತಿರುಗಿತು. ಎರಡನೆಯದೂ. ಆಕ್ಸಲ್ಲನ್ನು ಇಲ್ಲಿಯವರೆಗೆ ಹಿಡಿದು ನಿಲ್ಲಿಸಿದ್ದು ಪಾಟಾದ ನಡುವಿನ ಒಂದೇ ಬೋಲ್ಟು, ಕಿರುಬೆರಳಿನಷ್ಟು ದಪ್ಪದ್ದು.

ನಾಲ್ಕನ್ನೂ ಮೈಯ ಬಲವೆಲ್ಲ ಹಾಕಿ ಬಿಗಿದು ಹೊರಬಂದಾಗ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

“ಏನ್ ಮೇಸ್ತ್ರಿ, ಇನ್ನೊಂದ್ಸಲ ನೋಡೋಕೆ ಇಲ್ಲೀವರೆಗೂ ಬಂದ್ರಾ?”

ಹೌದೆಂದು ನಕ್ಕುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ನೆಲ ನೋಡುತ್ತಿದ್ದರು.

“ಇಲ್ಲ ಡಾಕ್ಟ್ರಮ್ಮ. ಬಿಗಿ ಮಾಡದೇ ಕಳಿಸ್ಬಿಟ್ಟಿದ್ದೆ. ಈಗ ಮಾಡಿದ್ದೀನಿ. ಆದ್ರೆ ನಡುವಿನ ಬೋಲ್ಟು ಒಳಗೆ ಬಿರುಕು ಬಿಟ್ಟಿದ್ಯೋ ಏನೋ, ಬಿಚ್ಚದೆ ಗೊತ್ತಾಗಲ್ಲ.”

ಅವರ ಮುಖದ ನಗು ಇಳಿಯಿತು. ತಾವು ಹತ್ತಿಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರು. “ನನ್ನ ಮಗಳನ್ನೂ ಕರ್ಕೊಂಡು ಬರ್ಬೇಕು ಅಂತಿದ್ದೆ ಇವತ್ತು,” ಎಂದಷ್ಟೇ ಹೇಳಿದರು.

ಮೇಸ್ತ್ರಿ ಕೈ ಚಾಚಿ ಕೀ ಕೇಳಿದ. “ನೀವು ಭಾವನ ಜೊತೆ ಬೈಕಲ್ಲಿ ಬನ್ನಿ. ಇದನ್ನ ನಾನೇ ಇಳಿಸ್ತೀನಿ.”

ಒಂದನೇ ಗೇರಿನಲ್ಲಿ, ಒಬ್ಬನೇ, ಬೇಕಾದರೆ ಹಾರಿಕೊಳ್ಳಲು ಬಾಗಿಲು ತೆರೆದಿಟ್ಟುಕೊಂಡು ಇಳಿಯತೊಡಗಿದ. ಮೊದಲ ತಿರುವಿನಲ್ಲಿ ಹಿಂದಿನಿಂದ ಕಟಕ್ ಎಂದಿತು. ಕಲ್ಲಿರಬಹುದು, ಆ ಬೋಲ್ಟೂ ಇರಬಹುದು. ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಕೆಳಗಿನ ರಸ್ತೆ ಮುಟ್ಟಲು ಇನ್ನೂ ಹದಿನೆಂಟು ತಿರುವುಗಳಿದ್ದವು.