ಗೇಟಿನ ಬಳಿ ಹಾಲು ಪರೀಕ್ಷೆ

ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗಾಜಿನ ಟ್ಯೂಬು ತೊಳೆಯುವುದು, ತುಂಬುವುದು, ಕಂಡದ್ದನ್ನು ಬರೆದಿಡುವುದು ನನ್ನ ಕೆಲಸವಾಗಿತ್ತು. ಸೋಪು ಒಂದು ಸಲ, ನೀರು ಮೂರು ಸಲ. ಸಾಹೇಬರು ನೋಡಲಿ ಬಿಡಲಿ, ಮೂರು ಸಲ. ನಿವೃತ್ತನಾಗಿ ದಿಲ್‌ಸುಖ್‌ನಗರದ ಅಪಾರ್ಟ್‌ಮೆಂಟಿಗೆ ಬಂದ ಮೇಲೂ ದಿನಚರಿ ಸಡಿಲಾಗಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಆರೂಕಾಲಿಗೆ ಗೇಟಿನ ಬಳಿ ಹಾಲು.

ಹಾಲಿನವನೂ ನನ್ನಂತೆ ಬೀದರ್ ಕಡೆಯವನು. ಊರ ಹೊರಗೆ ಎಮ್ಮೆ ಕಟ್ಟಿಕೊಂಡಿದ್ದ. ಬೈಕಿಗೆ ಎರಡು ಕ್ಯಾನು ನೇತುಹಾಕಿಕೊಂಡು ಬಂದು ನಮ್ಮ ಕಟ್ಟಡದ ಮನೆಗಳಿಗೆಲ್ಲ ಒಂದೇ ಕ್ಯಾನಿನಿಂದ ಅಳೆದು ಹಾಕುತ್ತಿದ್ದ. ನನ್ನನ್ನು ಕಾಕಾ ಎನ್ನುತ್ತಿದ್ದ.

ಒಂದು ದಿನ ಪ್ಯಾಕೆಟ್ ಹಾಲಿನ ಕಂಪನಿಯೊಂದರ ಯುವತಿ ನಮ್ಮ ಮನೆಗೆ ಬಂದಳು. ಗೇಟಿನಲ್ಲಿ ಮೇಜು ಹಾಕಿ ಹಾಲು ಪರೀಕ್ಷೆ ಮಾಡಿ ತೋರಿಸಬೇಕು ಎಂದಳು. “ಜಾಹೀರಾತನ್ನು ಈಗ ಯಾರೂ ನಂಬಲ್ಲ ಅಂಕಲ್. ತಮ್ಮ ಮನೆಯ ಹಾಲು ತರಲಿ, ಕಣ್ಣಾರೆ ನೋಡಲಿ. ನಾವು ಮಾಡಿದರೆ ಅನುಮಾನ ಪಡ್ತಾರೆ. ನೀವು ಮಾಡಿದರೆ ಯಾರೂ ತುಟಿ ಬಿಚ್ಚಲ್ಲ.” ನನಗೆ ಹೆಮ್ಮೆಯಾಯಿತು. ಪ್ರತಿ ಫಲಿತಾಂಶವನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ ಎಂಬ ಒಂದೇ ಷರತ್ತು ಹಾಕಿ ಒಪ್ಪಿಕೊಂಡೆ.

ಭಾನುವಾರ ಬಣ್ಣದ ಕೊಡೆಯ ಕೆಳಗೆ ಮೇಜು ಬಿತ್ತು. ಪರೀಕ್ಷೆ ಸುಲಭದ್ದು. ಅರ್ಧ ಹಾಲು, ಅರ್ಧ ನೀರು ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ದಪ್ಪ ನೊರೆ ಎದ್ದು ಹಾಗೇ ನಿಂತರೆ ಹಾಲಿಗೆ ಸೋಪಿನ ಪುಡಿ ಬೆರೆತಿದೆ ಎಂದರ್ಥ. ಮನೆಗಳ ಹಾಲಿಗೆ ಆರು ಟ್ಯೂಬು ಕೊಟ್ಟಿದ್ದರು. ಕಂಪನಿಯ ಹಾಲಿಗೆ ಆ ಯುವತಿ ಪ್ರತಿ ಸಲ ಪೆಟ್ಟಿಗೆಯಿಂದ ಹೊಸ ಟ್ಯೂಬು ತೆಗೆಯುತ್ತಿದ್ದಳು.

ಮೊದಲನೆಯದು ನಮ್ಮ ಮನೆಯ ಹಾಲು. ನೊರೆ ನಿಲ್ಲಲಿಲ್ಲ. ಆರನೆಯದರ ತನಕ ಹಾಗೆಯೇ. ಟ್ಯೂಬು ತೊಳೆಯಬೇಕಾಯಿತು. ಅಂದು ನಲ್ಲಿಯಲ್ಲಿ ನೀರಿಲ್ಲ, ಇದ್ದದ್ದು ಒಂದೇ ಬಕೆಟ್ಟು. ಸಾಲು ಬೆಳೆದಿತ್ತು. ಯುವತಿ “ಅಂಕಲ್, ಬೇಗ” ಎಂದಳು. ಸೋಪು ಹಚ್ಚಿ, ಬಕೆಟ್ಟಿನಲ್ಲಿ ಒಂದೇ ಸಲ ಅದ್ದಿ ತೆಗೆದೆ.

ಏಳನೆಯ ಹಾಲು ಮೇಲಿನ ಮಹಡಿಯ ಹುಬ್ಬಳ್ಳಿಯ ಅಕ್ಕನದು. ನೊರೆ ಬೆರಳಗಲ ಎದ್ದು ನಿಂತಿತು. ಆಕೆ ಟ್ಯೂಬು ಕಸಿದುಕೊಂಡು ಬೆಳಕಿಗೆ ಹಿಡಿದಳು. “ನೋಡ್ರಿ ಇಲ್ಲಿ! ನಮ್ಮ ಸಣ್ಣಾಕಿಗೆ ಇದನ್ನ ಕುಡಸಾಕತ್ತಿದ್ವಿ!” ಜನ ಮೊಬೈಲು ಹಿಡಿದು ನುಗ್ಗಿದರು. ಟ್ಯೂಬುಗಳನ್ನು ಅದೇ ಬಕೆಟ್ಟಿನಲ್ಲಿ ಒಂದೊಂದೇ ಸಲ ಅದ್ದುತ್ತ ಹೋದೆ; ಅಲ್ಲಿಂದಾಚೆ ಬಂದ ಹಾಲಿಗೆಲ್ಲ ನೊರೆ. “ನೊರೆ ನಿಂತಿದೆ” ಎಂದು ನಾನು ಪ್ರತಿ ಸಲ ಗಟ್ಟಿಯಾಗಿ ಹೇಳಿ ಬರೆದುಕೊಂಡೆ. ಪಕ್ಕದಲ್ಲಿ ಕಂಪನಿಯ ಹಾಲು ಶಾಂತವಾಗಿ ನಿಂತಿತ್ತು. ಹತ್ತು ಗಂಟೆಯೊಳಗೆ ನನ್ನನ್ನು ಬಿಟ್ಟು ಎಲ್ಲರೂ ಪ್ಯಾಕೆಟ್ಟಿಗೆ ಹೆಸರು ಬರೆಸಿದರು.

ಸೋಮವಾರ ಆರೂಕಾಲಿಗೆ ಗೇಟಿನಲ್ಲಿ ನಾನೊಬ್ಬನೇ.

“ಏನಾತ್ರಿ ಕಾಕಾ? ಯಾರೂ ಕೆಳಗ ಬರವಲ್ರು.”

“ನಿನ್ನೆ ಪರೀಕ್ಷಾದಾಗ ನೊರಿ ಬಂತು ತಮ್ಮಾ.”

ಅವನು ಕ್ಯಾನಿನೊಳಗೆ ಇಣುಕಿದ. “ನಿಮ್ಮ ಹಾಲಿಗೂ?”

“ನಮ್ಮದಕ್ಕ ಬರಲಿಲ್ಲ.”

ಹೇಳಿ ಮೆಟ್ಟಿಲು ಹತ್ತುವಾಗ ಆ ಮಾತು ನನ್ನನ್ನೇ ಚುಚ್ಚಿತು. ಅದೇ ಕ್ಯಾನು, ಅದೇ ಬೆಳಿಗ್ಗೆ. ನೋಟ್‌ಬುಕ್ಕು ತೆರೆದೆ. ಒಂದರಿಂದ ಆರು, ನೊರೆ ಇಲ್ಲ. ಆರರ ಕೆಳಗೆ ನನ್ನದೇ ಅಕ್ಷರದಲ್ಲಿ, ‘ಟ್ಯೂಬು ತೊಳೆದಿದೆ’. ಅದರ ಕೆಳಗೆ ಪುಟದ ಕೊನೆಯವರೆಗೂ ನೊರೆ. ಅದು ನಾನು ಟ್ಯೂಬಿನಲ್ಲಿ ಉಳಿಸಿದ ಸೋಪು.

ಕಂಪನಿಯ ಯುವತಿಗೆ ಫೋನು ಮಾಡಿದೆ. ಆಕೆ ಸಿಟ್ಟಾಗಲಿಲ್ಲ. “ಅಂಕಲ್, ನಾವು ಯಾರ ಮೇಲಾದರೂ ಆರೋಪ ಮಾಡಿದ್ವಾ? ಅವರ ಹಾಲು ಅವರೇ ತಂದರು, ಅವರೇ ನೋಡಿದರು.” ಅದು ನಿಜವೂ ಆಗಿತ್ತು.

ಮನೆಮನೆಗೆ ಹೋದೆ. ತಪ್ಪು ನನ್ನದು ಎಂದೆ. ಹುಬ್ಬಳ್ಳಿಯ ಅಕ್ಕ ನಕ್ಕುಬಿಟ್ಟಳು. “ನಿಮ್ಮ ಬೀದರ್ ಹುಡುಗನ್ನ ಉಳಸಾಕ ಹೇಳಾಕತ್ತೀರಿ, ಗೊತ್ತೈತ್ರಿ. ನೀವು ತೊಳದದ್ದರಾಗ ಸೋಪು ಉಳೀತಂದ್ರ ಯಾರು ನಂಬತಾರ್ರಿ? ನಿಮ್ಮ ಮನಿ ಮುಂದ ಚಪ್ಪಲಿ ಸುದ್ದಾ ಪರೇಡಿಗೆ ನಿಂತಿರತಾವ.” ಉಳಿದವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ನನ್ನ ಶಿಸ್ತಿನ ಮೇಲೆ ಅವರಿಗಿದ್ದ ನಂಬಿಕೆಯೇ ಅವನಿಗೆ ಮುಳುವಾಗಿತ್ತು.

ಮರುದಿನ ಅವನಿಗೂ ಹೇಳಿದೆ. ರೇಗಿದ್ದರೆ ಚೆನ್ನಾಗಿತ್ತು. ಅವನು ನೆಲ ನೋಡುತ್ತ ನಿಂತ. “ಹೇಣ್ತಿ ಕೂಡ ಜಗಳಾ ಮಾಡೀನ್ರಿ ಕಾಕಾ. ಕ್ಯಾನಿನ್ಯಾಗ ಸೋಪು ಬಿಟ್ಟೀದಿ ಅಂತ ಭಾಳ ಬೈದೆ. ನಿನ್ನಿಯಿಂದ ಮಾತಾಡವಲ್ಲಳು. ನನ್ನ ಹಾಲಿನ ಮ್ಯಾಲ ನನಗಽ ಅನುಮಾನ ಬಂತಲ್ರಿ.”

“ಈ ಭಾನುವಾರ ಆಕಿನ್ನ ಕರಕೊಂಡು ಬಾ,” ಎಂದೆ.

ಭಾನುವಾರ ನನ್ನದೇ ಮೇಜು ಹಾಕಿದೆ. ಕೊಡೆಯಿಲ್ಲ, ಪ್ಯಾಕೆಟ್ಟಿಲ್ಲ. ಬಂದವರು ಏಳೆಂಟು ಜನ. ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಗಂಡನಿಂದ ದೂರ ನಿಂತಿದ್ದಳು. ಎಲ್ಲರೆದುರು ಒಂದು ಟ್ಯೂಬನ್ನು ಹಿಂದಿನ ವಾರದಂತೆ ತೊಳೆದೆ, ಇನ್ನೊಂದನ್ನು ಕಾರ್ಖಾನೆಯ ರೀತಿಯಲ್ಲಿ. ಎರಡಕ್ಕೂ ಒಂದೇ ಕ್ಯಾನಿನ ಹಾಲು ಹಾಕಿ ಅಲುಗಾಡಿಸಿದೆ. ಒಂದರಲ್ಲಿ ನೊರೆ, ಒಂದರಲ್ಲಿ ಇಲ್ಲ. “ಈ ನೊರೆ ಹಾಲಿಂದಲ್ಲ, ನಂದು,” ಎಂದೆ.



“ಅಯ್ಯ, ಪಾಪ,” ಎಂದಳು ಹುಬ್ಬಳ್ಳಿಯ ಅಕ್ಕ. ಮರುಕ್ಷಣವೇ, “ಆದರ ನಮ್ಮ ಸಣ್ಣಾಕಿ ಆವತ್ತು ನೊರಿ ನೋಡ್ಯಾಳಲ್ರಿ. ಈಗ ಆ ಹಾಲು ಅಂದ್ರ ಮೂತಿ ತಿರವತಾಳ” ಎಂದು ಮೇಲೆ ಹೋದಳು. ನಾಲ್ಕು ಮನೆಯವರು ನಾಳೆಯಿಂದ ಮತ್ತೆ ಹಾಲು ಹಾಕು ಎಂದರು. ಮಿಕ್ಕವರು ಚದುರಿದರು.

ಹಾಲಿನವನ ಹೆಂಡತಿ ಮೇಜಿನ ಹತ್ತಿರ ಬಂದು ನೊರೆಯಿದ್ದ ಟ್ಯೂಬನ್ನು ಎತ್ತಿ ನೋಡಿದಳು. ಗಂಡನನ್ನಲ್ಲ, ನನ್ನನ್ನು ಕೇಳಿದಳು. “ಆವತ್ತ ಇನ್ನೆರಡು ಸಲ ತೊಳಿಯಾಕ ನಿಮಗ ಏನಾಗಿತ್ರಿ?”

ಸಾಲು ಉದ್ದವಿತ್ತು ಎನ್ನಬಹುದಿತ್ತು. ಬದಲಿಗೆ ಆ ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡು ಮೂರು ಸಲ ತೊಳೆದೆ.

ಅವನು ಬೈಕು ತಿರುಗಿಸಿದ. “ನಾಕ ಮನಿಗೆ ಇಷ್ಟು ದೂರ ಬರಾಕ ಆಗಂಗಿಲ್ರಿ ಕಾಕಾ. ಈ ತಿಂಗಳ ನೋಡತೀನಿ.”

“ಐದು ಮನಿ,” ಎಂದೆ. ನಮ್ಮ ಮನೆಯನ್ನು ಅವನು ಎಣಿಸಿರಲಿಲ್ಲ.

ಅವನು ಹೆಂಡತಿ ಹಿಂದೆ ಕೂತಳೋ ಎಂದು ತಿರುಗಿ ನೋಡಿಕೊಂಡು ಹೊರಟ.